ಗಾಲಿಯ ಮೇಲಿನ ಅಡುಗೆಮನೆ

ನನ್ನ ತಾಯಿ ಜೀವಮಾನದಲ್ಲಿ ಮಾಡಿದ್ದು ಒಂದೇ ಒಂದು ದೂರದ ಪ್ರಯಾಣ. 1968ರಲ್ಲಿ, ಕಾಶಿಗೆ. ಹೊರಡುವ ಎಂಟು ದಿನ ಮೊದಲೇ ನಮ್ಮ ಶಿವಮೊಗ್ಗದ ಮನೆಯಲ್ಲಿ ಹುರಿಯುವ, ಕುಟ್ಟುವ ಸಂಭ್ರಮ ಶುರುವಾಗಿತ್ತು. ಹುರಿಹಿಟ್ಟು, ಮೆಂತ್ಯದ ಹಿಟ್ಟು, ಚಟ್ನಿಪುಡಿ, ಪುಳಿಯೋಗರೆ ಗೊಜ್ಜು, ಎರಡು ಡಬ್ಬಿ ಕೋಡುಬಳೆ, ಮಕ್ಕಳಿಗೆಂದು ತಂಬಿಟ್ಟು. ಹನ್ನೊಂದು ಜನರ ತಂಡ. ಧರ್ಮಶಾಲೆ ಯಾವುದೇ ಇರಲಿ, ಅಮ್ಮ ಮೊದಲು ಹುಡುಕುತ್ತಿದ್ದುದು ಸ್ಟೋವ್ ಇಡಲು ಗಾಳಿಯಿಲ್ಲದ ಮೂಲೆಯನ್ನು. ಮರಳಿ ಬಂದ ಮೇಲೆ ನೆರೆಮನೆಯವರು "ಕಾಶಿ ಹೇಗಿತ್ತು?" ಎಂದು ಕೇಳಿದರೆ ಅವಳು ಹೇಳಿದ್ದು ಇಷ್ಟೇ: "ಅಲ್ಲಿಯ ನೀರಲ್ಲಿ ಬೇಳೆ ಬೇಯೋದು ತಡ." ಅಪ್ಪ ನಕ್ಕರು. ನಾವೂ ನಕ್ಕೆವು.

ಆ ಮಾತು ನನಗೆ ಮತ್ತೆ ನೆನಪಾದದ್ದು ಐವತ್ತೈದು ವರ್ಷಗಳ ಮೇಲೆ, ಅಮೆರಿಕದಲ್ಲಿ, ನಾಲ್ಕು ಗಾಲಿಗಳ ಮೇಲೆ ನಿಂತ ಒಂದು ಅಡುಗೆಮನೆಯಲ್ಲಿ.

2023ರ ಬೇಸಿಗೆಯಲ್ಲಿ ಷಿಕಾಗೊದಲ್ಲಿರುವ ಮಗ ಸೊಸೆ ಆರು ವಾರಕ್ಕೆ ಒಂದು ಕ್ಯಾಂಪರ್ ಬಾಡಿಗೆಗೆ ತೆಗೆದುಕೊಂಡರು. ಕ್ಯಾಂಪರ್ ಎಂದರೆ ಮನೆಯನ್ನೇ ಹೊತ್ತ ವ್ಯಾನು. ಮಲಗಲು ಹಲಗೆ, ಬಚ್ಚಲು, ಎರಡು ಉರಿಯ ಗ್ಯಾಸ್ ಒಲೆ, ಮೊಣಕಾಲೆತ್ತರದ ಫ್ರಿಜ್ಜು. ಅಡುಗೆಯ ಜಾಗ ನಮ್ಮ ದೇವರಮನೆಗಿಂತ ಚಿಕ್ಕದು. ತೊಟ್ಟಿಯಲ್ಲಿ ತುಂಬಿಕೊಂಡಷ್ಟೇ ನೀರು. ಪಾತ್ರೆ ತೊಳೆದ ನೀರೂ ಇನ್ನೊಂದು ತೊಟ್ಟಿಯಲ್ಲಿ ಸೇರುತ್ತದೆ, ಅದು ತುಂಬಿದರೆ ಗೊತ್ತುಮಾಡಿದ ಜಾಗಕ್ಕೇ ಹೋಗಿ ಖಾಲಿ ಮಾಡಬೇಕು. ಅಕ್ಕಿಯನ್ನು ಮೂರು ಸಲ ತೊಳೆಯುವ ನನ್ನ ಅಭ್ಯಾಸ ಮೊದಲ ದಿನವೇ ಹೋಯಿತು. ಎರಡನೆಯ ದಿನ ಒಣಮೆಣಸಿನಕಾಯಿ ಒಗ್ಗರಣೆ ಹಾಕಿದೆ. ಚಾವಣಿಯಲ್ಲಿದ್ದ ಹೊಗೆಯ ಗಂಟೆ ಹೊಡೆದುಕೊಂಡಿತು. ಪಕ್ಕದ ಕ್ಯಾಂಪರಿನ ಮುದುಕ ನೀರಿನ ಬಕೆಟ್ ಹಿಡಿದು ಓಡಿಬಂದ. ಪಾಪ, ಒಳ್ಳೆಯವನು. ಅವನಿಗೂ ಒಂದು ಲೋಟ ಸಾರು ಕೊಟ್ಟೆ.

ಹೊರಡುವ ಮುನ್ನ ದಿನಸಿ ತಂದದ್ದು ಷಿಕಾಗೊದ ಡೆವನ್ ಅವೆನ್ಯೂದಿಂದ. ಆ ಬೀದಿಗೂ ಒಂದು ಚರಿತ್ರೆಯಿದೆ. 1965ರಲ್ಲಿ ಅಮೆರಿಕ ತನ್ನ ವಲಸೆಯ ಕಾನೂನನ್ನು ಬದಲಿಸಿತು; ಆಮೇಲೆ ನಮ್ಮ ಡಾಕ್ಟರು, ಎಂಜಿನಿಯರುಗಳು ಅಲ್ಲಿಗೆ ಹೋಗತೊಡಗಿದರು. ಹಿಂದೆಯೇ ಅವರ ಹೆಂಡಿರು ಹೋದರು, ಸೂಟ್‌ಕೇಸಿನಲ್ಲಿ ಸಾರಿನ ಪುಡಿ ಇಟ್ಟುಕೊಂಡು. ಪುಡಿ ಮುಗಿದ ಮೇಲೆ? ನ್ಯೂಯಾರ್ಕಿನಲ್ಲಿದ್ದವರಿಗೆ ಕಲುಸ್ತ್ಯಾನ್ ಎಂಬ ಆರ್ಮೇನಿಯನ್ ಜನಾಂಗದವನು 1944ರಲ್ಲಿ ತೆರೆದ ಮಸಾಲೆ ಅಂಗಡಿಯಿತ್ತು. ಷಿಕಾಗೊದಲ್ಲಿ 1974ರಲ್ಲಿ ಗುಜರಾತಿನ ಮಫತ್ ಪಟೇಲ್, ತುಳಸಿ ಪಟೇಲ್ ಎಂಬ ಅಣ್ಣತಮ್ಮಂದಿರು ಡೆವನ್ ಅವೆನ್ಯೂದಲ್ಲಿ ಸಣ್ಣ ಅಂಗಡಿ ಹಾಕಿದರು. ಅದೇ ಇಂದಿನ ಪಟೇಲ್ ಬ್ರದರ್ಸ್. ಈಗ ಅಲ್ಲಿ ತೊಂಡೆಕಾಯಿಯೂ ಸಿಗುತ್ತದೆ, ರಾಗಿಹಿಟ್ಟೂ ಸಿಗುತ್ತದೆ. ಕರಿಬೇವನ್ನು ಮಾತ್ರ ನಾವು ಊರಿಂದ ಒಯ್ಯುವಂತಿಲ್ಲ. ನಿಂಬೆ, ಕಿತ್ತಳೆ ಗಿಡಗಳಿಗೆ ರೋಗ ಹರಡುವ ಕೀಟ ಆ ಎಲೆಯ ಜೊತೆ ಬರುತ್ತದೆಂದು ವಿಮಾನ ನಿಲ್ದಾಣದಲ್ಲೇ ಕಿತ್ತುಕೊಳ್ಳುತ್ತಾರೆ.

ಸೊಸೆ ಗಾಡಿಗೆ ತುಂಬಿದ್ದು ಬರೀ ಪೊಟ್ಟಣಗಳು. ರವೆ ಇಡ್ಲಿ ಮಿಕ್ಸ್, ಪುಳಿಯೋಗರೆ ಪುಡಿ, ಬಿಸಿನೀರಿನಲ್ಲಿ ಐದು ನಿಮಿಷ ಅದ್ದಿದರೆ ಸಿದ್ಧವಾಗುವ ಬಿಸಿಬೇಳೆಬಾತು. ನನಗೆ ಮುಖ ಸಣ್ಣದಾಯಿತು. ಅಷ್ಟು ದೂರದಿಂದ ಅತ್ತೆ ಬಂದಿರುವಾಗ ಪೊಟ್ಟಣದ ಊಟವೇ? ಮೂರು ಲೀಟರಿನ ಕುಕ್ಕರನ್ನೂ ಎರಡು ಕಿಲೋ ತೊಗರಿಬೇಳೆಯನ್ನೂ ಹಟದಿಂದ ಗಾಡಿಗೇರಿಸಿದೆ.

ಈ ಗಾಡಿಯ ಹುಟ್ಟಿನಲ್ಲೂ ಒಬ್ಬ ಹೆಂಗಸಿನ ಹಟವಿದೆಯಂತೆ. ಬೆಳ್ಳಿಯಂತೆ ಹೊಳೆಯುವ ಏರ್‌ಸ್ಟ್ರೀಮ್ ಎಂಬ ಗಾಡಿಮನೆಗಳನ್ನು ಕಟ್ಟಿ ಹೆಸರಾದವನು ವಾಲಿ ಬಯಮ್. ಅವನಿಗೆ ಕಾಡುಮೇಡಿನಲ್ಲಿ ಡೇರೆ ಹಾಕುವ ಹುಚ್ಚು. ಹೆಂಡತಿ ಮೇರಿಯನ್‌ಗೆ ಅಡುಗೆಮನೆಯಿಲ್ಲದ ಡೇರೆ ಹಿಡಿಸಲಿಲ್ಲ. ಆಗ ಅವನು ಹಳೆಯ ಫೋರ್ಡ್ ಕಾರಿನ ಅಡಿಗಟ್ಟಿನ ಮೇಲೆ ಒಂದು ಗೂಡು ಕಟ್ಟಿ, ಅದರಲ್ಲಿ ಐಸ್ ಪೆಟ್ಟಿಗೆಯನ್ನೂ ಸೀಮೆಎಣ್ಣೆ ಒಲೆಯನ್ನೂ ಕೂರಿಸಿದ. 1936ರಲ್ಲಿ ಬಂದ ಅವನ ಪ್ರಸಿದ್ಧ 'ಕ್ಲಿಪ್ಪರ್' ಗಾಡಿಯ ಹಿಂದೆ ಇರುವುದು ಈ ಗೂಡು. ಹೆಂಡತಿ ಗೆದ್ದಳು ಎಂಬಂತೆ ಈ ಕತೆ ಹೇಳುತ್ತಾರೆ. ನನಗೇನೋ ಅನುಮಾನ. ಡೇರೆಯಲ್ಲಿದ್ದಿದ್ದರೆ ಬ್ರೆಡ್ಡು ತಿಂದು ಮಲಗಬಹುದಿತ್ತು. ಈಗ ಒಲೆಯೇ ಬೆನ್ನಟ್ಟಿ ಬಂತಲ್ಲ! 1954ರಲ್ಲಿ 'ದಿ ಲಾಂಗ್, ಲಾಂಗ್ ಟ್ರೈಲರ್' ಎಂಬ ಹಾಸ್ಯಚಿತ್ರ ಬಂದಿತ್ತು. ಅದರಲ್ಲಿ ಲೂಸಿಲ್ ಬಾಲ್ ಓಡುವ ಗಾಡಿಮನೆಯೊಳಗೆ ಅಡುಗೆಗೆ ನಿಲ್ಲುತ್ತಾಳೆ. ಗಂಡ ಮುಂದೆ ಕಾರು ಓಡಿಸುತ್ತಾನೆ, ಹಿಂದೆ ಹಿಟ್ಟು, ಪಾತ್ರೆ, ಹೆಂಡತಿ ಎಲ್ಲವೂ ಒಂದರ ಮೇಲೊಂದು ಉರುಳುತ್ತವೆ. ಮಗ ಅದನ್ನು ತೋರಿಸಿದಾಗ ನಾನೂ ಹೊಟ್ಟೆ ಹುಣ್ಣಾಗುವಂತೆ ನಕ್ಕೆ. ಆಮೇಲೆ ಕಾಶಿಯ ರೈಲಿನಲ್ಲಿ ಅವಲಕ್ಕಿ ಕಲಸುತ್ತಿದ್ದ ಅಮ್ಮನ ಕೈ ಕಣ್ಣಿಗೆ ಕಟ್ಟಿತು.

ಇನ್ನು ಪೊಟ್ಟಣಗಳ ವಿಷಯ. ಅವುಗಳ ಮೂಲ ಅಮೆರಿಕವಲ್ಲ, ನಮ್ಮ ಬೆಂಗಳೂರು, ಮೈಸೂರು. ಕೋಟದ ಬಳಿಯ ಪಾರಂಪಳ್ಳಿಯಿಂದ ಬಂದ ಯಜ್ಞನಾರಾಯಣ ಮಯ್ಯರು ಅಣ್ಣತಮ್ಮಂದಿರ ಜೊತೆ 1924ರಲ್ಲಿ ಬೆಂಗಳೂರಿನಲ್ಲಿ ತೆರೆದ ಹೋಟೆಲು ಮುಂದೆ ಮಾವಳ್ಳಿ ಟಿಫಿನ್ ರೂಮ್ಸ್ ಆಯಿತು. ಎರಡನೆಯ ಮಹಾಯುದ್ಧದಲ್ಲಿ ಅಕ್ಕಿಗೆ ಬರ ಬಂದಾಗ ಅವರು ರವೆಯಲ್ಲಿ ಇಡ್ಲಿ ಮಾಡಿದರೆಂಬುದು ಆ ಮನೆಯವರ ಮಾತು. 1975ರಲ್ಲಿ ತುರ್ತುಪರಿಸ್ಥಿತಿ ಬಂತು. ಹೋಟೆಲಿನ ತಿಂಡಿಯನ್ನು ತೀರ ಅಗ್ಗದ ಬೆಲೆಗೆ ಮಾರಬೇಕೆಂದು ಕಟ್ಟಳೆಯಾಯಿತು. ಆ ಬೆಲೆಗೆ ಆ ರುಚಿ ಕೊಡಲು ಸಾಧ್ಯವೇ? ಹೋಟೆಲು ಸಂಕಟಕ್ಕೆ ಸಿಕ್ಕಿತು, ಕೆಲಸಗಾರರ ಹೊಟ್ಟೆಯ ಪ್ರಶ್ನೆಯೂ ಇತ್ತು. ಆಗ ಅವರು ಪುಡಿ, ಮಿಕ್ಸ್‌ಗಳನ್ನು ಪೊಟ್ಟಣ ಕಟ್ಟಿ ಮಾರುವ ಕಡೆ ಹೊರಳಿದರು.

ಬೇಯಿಸಿದ ಅನ್ನವನ್ನೇ ತಿಂಗಳುಗಟ್ಟಲೆ ಕೆಡದಂತೆ ಇಡುವ ವಿದ್ಯೆ ಬಂದದ್ದು ಮೈಸೂರಿನಲ್ಲಿ 1961ರಲ್ಲಿ ಸ್ಥಾಪನೆಯಾದ ರಕ್ಷಣಾ ಆಹಾರ ಸಂಶೋಧನಾಲಯದಿಂದ. ಹಿಮದಲ್ಲಿ, ಮರಳುಗಾಡಿನಲ್ಲಿ ಕಾಯುವ ಸೈನಿಕರಿಗೆ ಊಟ ಒದಗಿಸುವುದು ಅದರ ಕೆಲಸ. ಉಪಾಯ ನಮಗೆ ಹೊಸದಲ್ಲ. ಅಲ್ಯೂಮಿನಿಯಂ ಹಾಳೆ, ಪ್ಲಾಸ್ಟಿಕ್ ಪದರಗಳನ್ನು ಕೂಡಿಸಿದ ಚೀಲದಲ್ಲಿ ಅಡುಗೆ ತುಂಬಿ, ಗಾಳಿ ತೆಗೆದು, ಬಾಯಿ ಬೆಸೆದು, ಒತ್ತಡದಲ್ಲಿ ಸುಮಾರು 121 ಡಿಗ್ರಿಗೆ ಕಾಯಿಸುತ್ತಾರೆ. ನಮ್ಮ ಪ್ರೆಶರ್ ಕುಕ್ಕರಿನೊಳಗಿನ ಶಾಖವೂ ಹೆಚ್ಚುಕಡಿಮೆ ಅಷ್ಟೇ! ಕೆಡಿಸುವ ಜೀವಾಣುಗಳೆಲ್ಲ ಸಾಯುತ್ತವೆ, ಹೊಸವು ಒಳಗೆ ಹೋಗಲು ದಾರಿಯಿಲ್ಲ. 1984ರಲ್ಲಿ ರಾಕೇಶ್ ಶರ್ಮಾ ಅಂತರಿಕ್ಷಕ್ಕೆ ಹೋದಾಗ ಕೊಂಡೊಯ್ದ ಸಜ್ಜಿಗೆಯ ಹಲ್ವ ಈ ಮೈಸೂರಿನ ಸಂಸ್ಥೆಯದೇ. ಈ ವಿದ್ಯೆಯನ್ನು ಎಂ.ಟಿ.ಆರ್. ಅವರಿಂದ ಪಡೆಯಿತು. ಗಮನಿಸಿದಿರಾ? ಸೈನಿಕನ ಹಸಿವಿಗೆ ಒಂದು, ಹೋಟೆಲಿನ ಸಂಕಟಕ್ಕೆ ಇನ್ನೊಂದು. ಹೆಂಗಸರಿಗೆ ಒಂದು ಸಂಜೆ ಬಿಡುವಾಗಲಿ ಎಂದು ಇವನ್ನು ಯಾರೂ ಶುರುಮಾಡಲಿಲ್ಲ.

ಹನ್ನೊಂದನೆಯ ದಿನ ನಾವು ಯೆಲ್ಲೋಸ್ಟೋನ್ ಸೇರಿದೆವು. ಸರೋವರದ ಹತ್ತಿರ ಫಿಷಿಂಗ್ ಬ್ರಿಡ್ಜ್ ಎಂಬಲ್ಲಿ ತಂಗುದಾಣ. ಅಲ್ಲಿ ಬಟ್ಟೆಯ ಡೇರೆಗೆ ಜಾಗವಿಲ್ಲ, ಗಟ್ಟಿ ಗೋಡೆಯ ಗಾಡಿಗೆ ಮಾತ್ರ. ಕಾರಣ, ಗ್ರಿಜ್ಲಿ ಕರಡಿಗಳು. ದಾರಿಯಲ್ಲಿ ಕಾಡುಕೋಣದಂಥ ಬೈಸನ್ನುಗಳ ಹಿಂಡು ಅರ್ಧ ಗಂಟೆ ರಸ್ತೆ ತಡೆದು ನಿಂತಿತ್ತು. ಸಂಜೆ ನಾಲ್ಕಕ್ಕೆ ಬೇಳೆ ಬೇಯಿಸಲು ಕುಕ್ಕರ್ ತೆಗೆದರೆ ಗ್ಯಾಸ್ಕೆಟ್ಟೇ ಇಲ್ಲ! ಹಿಂದಿನ ತಂಗುದಾಣದಲ್ಲಿ ತೊಳೆದು ಒಣಗಲಿಟ್ಟವಳು ನಾನೇ. ಸರಿ, ತೆರೆದ ಪಾತ್ರೆಯಲ್ಲಿಟ್ಟೆ. ಗಂಟೆ ಐದಾಯಿತು, ಆರಾಯಿತು. ನೀರು ಕುದಿಯುತ್ತಲೇ ಇದೆ, ಬೇಳೆ ಮಾತ್ರ ಕಲ್ಲು.

"ಅಮ್ಮಾ, ನಾವು 7,700 ಅಡಿ ಎತ್ತರದಲ್ಲಿದ್ದೀವಿ" ಎಂದ ಮಗ. "ಇಲ್ಲಿ ನೀರು 92, 93 ಡಿಗ್ರಿಗೇ ಕುದಿಯುತ್ತೆ. ಎಷ್ಟು ಉರಿ ಹಾಕಿದ್ರೂ ಅದಕ್ಕಿಂತ ಬಿಸಿ ಆಗಲ್ಲ."

ನಾನು ಸೌಟು ಹಿಡಿದು ನಿಂತೇ ಇದ್ದೆ. ನಮ್ಮಮ್ಮ ಕಾಶಿಯಲ್ಲಿ ಕಂಡದ್ದು ಏನೆಂದು ಆಗ ತಿಳಿಯಿತು. ಗಡಸು ನೀರಿನಲ್ಲಿ ಬೇಳೆ ಬೇಗ ಬೇಯುವುದಿಲ್ಲ. ಅವಳು ಹೇಳಿದ್ದು ಸರಿಯಾದ ಮಾತೇ. ಹನ್ನೊಂದು ಜನ ಗಂಗೆಯ ಕಡೆ ನೋಡುತ್ತಿದ್ದಾಗ ಅವಳೊಬ್ಬಳು ಪಾತ್ರೆಯೊಳಗೆ ನೋಡುತ್ತಿದ್ದಳು.

ಒಲೆ ಆರಿಸಿ ಸೊಸೆಗೆ "ನಿನ್ನ ಪೊಟ್ಟಣ ತೆಗಿಯಮ್ಮ" ಎಂದೆ. ಅವಳು ಗೆದ್ದೆನೆಂಬಂತೆ ನಗಲಿಲ್ಲ, ಅದು ಅವಳ ದೊಡ್ಡಗುಣ. ನಾಲ್ಕು ಚೀಲ ಬಿಸಿನೀರಿಗೆ ಹೋದವು, ಐದು ನಿಮಿಷಕ್ಕೆ ಬಿಸಿಬೇಳೆಬಾತು ತಟ್ಟೆಗೆ ಬಂತು. ಉಪ್ಪು ಒಂದು ಹಿಡಿ ಹೆಚ್ಚು, ಇಂಗಿನ ಪರಿಮಳ ಎಲ್ಲೋ ಹೋಗಿತ್ತು, ಗೊಜ್ಜಿನಂತೆ ಮೆತ್ತಗಿತ್ತು. ಮೇಲೊಂದು ಚಮಚ ತುಪ್ಪ ಹಾಕಿದ ಮೇಲೆ ತಿನ್ನುವಂತಾಯಿತು. ಪಾತ್ರೆಯೂ ಇಲ್ಲ, ತೊಳೆಯುವುದೂ ಇಲ್ಲ. ಮಡಿಸುವ ಕುರ್ಚಿ ಹಾಕಿಕೊಂಡು ಸರೋವರದ ಎದುರು ಕುಳಿತೆವು. ಕೈಗೆ ಕೆಲಸವಿಲ್ಲದೆ ಕೂತು ಗೊತ್ತಿಲ್ಲದವಳು ನಾನು, ಸ್ವಲ್ಪ ಹೊತ್ತು ಸೆರಗಿನ ತುದಿಯನ್ನೇ ಸುತ್ತುತ್ತಿದ್ದೆ. ಎಂಟೂವರೆಯಾದರೂ ನೀರಿನ ಮೇಲೆ ಬೆಳಕಿತ್ತು. ಸೊಸೆ ನಮ್ಮಮ್ಮನ ಬಗ್ಗೆ ಕೇಳಿದಳು. ಮದುವೆಯಾಗಿ ಒಂಬತ್ತು ವರ್ಷಕ್ಕೆ ಮೊದಲ ಸಲ. ಹೇಳಿದೆ.

ಅರೆಬೆಂದ ಬೇಳೆಯನ್ನು ಹೊರಗೆ ಚೆಲ್ಲುವಂತಿರಲಿಲ್ಲ, ವಾಸನೆಗೆ ಕರಡಿ ಬರುತ್ತದೆ. ಡಬ್ಬಿಗೆ ಹಾಕಿ ಫ್ರಿಜ್ಜಿನಲ್ಲಿಟ್ಟೆ. ಎರಡು ದಿನದ ಮೇಲೆ ಬೆಟ್ಟವಿಳಿದು ಬಿಲ್ಲಿಂಗ್ಸ್ ಎಂಬ ಊರಿಗೆ ಬಂದಾಗ ಅದನ್ನೇ ಮತ್ತೆ ಒಲೆಗಿಟ್ಟು ಟೊಮೆಟೊ ಹಾಕಿ ಸಾರು ಮಾಡಿದೆ. ಚೆನ್ನಾಗಿಯೇ ಬೆಂದಿತು.