ವೈ ನದಿಯ ಚಿತ್ರಯಾನ

ವೇಲ್ಸ್‌ನ ಪುಮ್ಲುಮೊನ್ ಬೆಟ್ಟದಲ್ಲಿ ಹುಟ್ಟುವ ವೈ ನದಿ ಸುಮಾರು 250 ಕಿ.ಮೀ. ಹರಿದು, ಚೆಪ್‌ಸ್ಟೋ ಪಟ್ಟಣವನ್ನು ದಾಟಿ ಸೆವೆರ್ನ್ ನದೀಮುಖವನ್ನು ಸೇರುತ್ತದೆ. ಹದಿನೆಂಟನೆಯ ಶತಮಾನದ ಉತ್ತರಾರ್ಧದಲ್ಲಿ ಇದರ ಕೆಳಪಾತ್ರ ಬ್ರಿಟನ್ನಿನ ಹವ್ಯಾಸಿ ಚಿತ್ರಕಾರರ ಯಾತ್ರಾಸ್ಥಳವಾಯಿತು. ಹೊರಗೆ ಕುಳಿತು ಭೂದೃಶ್ಯ ಬರೆಯುವವರು ಅದಕ್ಕೂ ಮೊದಲು ಇದ್ದರು. ಆದರೆ ದೋಣಿ, ತಂಗುವ ಊರು, ನಿಂತು ಬರೆಯುವ ತಾಣ ಇವನ್ನೆಲ್ಲ ಮೊದಲೇ ಗೊತ್ತುಮಾಡಿಕೊಂಡು ನದಿಯ ಜೊತೆಗೆ ಸಾಗುವ ಪ್ರವಾಸ ವಿದ್ಯಾವಂತ ಕುಟುಂಬಗಳ ವಾಡಿಕೆಯಾಗಿ ಬೆಳೆದದ್ದು ಇಲ್ಲಿ.

ಇದರ ಆರಂಭ ಆತಿಥ್ಯದಿಂದ ಆಯಿತು. 1745ರಲ್ಲಿ ರಾಸ್ ಪಟ್ಟಣದ ಪಾದ್ರಿಯಾಗಿ ಬಂದ ಜಾನ್ ಎಗರ್ಟನ್ ತನ್ನ ಅತಿಥಿಗಳನ್ನು ದೋಣಿಯಲ್ಲಿ ಕೂರಿಸಿ ನದಿಯ ಕೆಳಗೆ ಕರೆದೊಯ್ಯುತ್ತಿದ್ದ. ಅವರ ಬಾಯಿಮಾತಿನಿಂದಲೇ ವೈ ಕಣಿವೆಯ ಹೆಸರು ಹಬ್ಬಿತು. ಆ ಸುಖದ ಓಡಾಟಕ್ಕೆ ಚಿತ್ರಕಲೆಯ ಶಿಸ್ತು ತಂದವನು ವಿಲಿಯಂ ಗಿಲ್ಪಿನ್. ಚೀಮ್ ಎಂಬಲ್ಲಿ ಶಾಲೆ ನಡೆಸುತ್ತಿದ್ದ ಈ ಪಾದ್ರಿ 1770ರ ಬೇಸಿಗೆಯಲ್ಲಿ ವೈ ನದಿಯಲ್ಲಿ ಸಾಗಿ ಟಿಪ್ಪಣಿ, ರೇಖಾಚಿತ್ರಗಳನ್ನು ಮಾಡಿಕೊಂಡ. ಅವು ಹನ್ನೆರಡು ವರ್ಷ ಹಸ್ತಪ್ರತಿಯಾಗಿಯೇ ಸ್ನೇಹಿತರ ನಡುವೆ ಓಡಾಡಿ, 1782ರಲ್ಲಿ ಪುಸ್ತಕವಾದವು.

ಗಿಲ್ಪಿನ್ ಕೊಟ್ಟ ಸೂತ್ರ ಬಹಳ ಸರಳ. ನದಿಯ ಪ್ರತಿಯೊಂದು ನೋಟದಲ್ಲೂ ನಾಲ್ಕು ಭಾಗಗಳಿವೆ: ನೀರಿನ ಹರವು, ಎರಡು ಕಡೆಯ ದಡಗಳು, ನದಿ ತಿರುಗುವಲ್ಲಿ ಎದುರಿಗೆ ಬರುವ ಬೆಟ್ಟ. ಈ ನಾಲ್ಕರ ಅಳತೆ, ಓರೆ, ಎತ್ತರ ಬದಲಾದಂತೆ ಚಿತ್ರವೂ ಬದಲಾಗುತ್ತದೆ; ನೆಲ, ಕಾಡು, ಬಂಡೆ, ಕಟ್ಟಡಗಳು ಅದರ ಅಲಂಕಾರ. ದೋಣಿಯಲ್ಲಿ ಕುಳಿತವರ ಕಣ್ಣಮುಂದೆ ಪ್ರತಿ ತಿರುವಿನಲ್ಲೂ ಹೊಸ ಸಂಯೋಜನೆ ತಾನಾಗಿ ಮೂಡುತ್ತಿತ್ತು. ಕಲಾಶಾಲೆಯ ಮೆಟ್ಟಿಲು ಹತ್ತದವರಿಗೂ ಏನನ್ನು ನೋಡಬೇಕು, ಎಲ್ಲಿ ನಿಲ್ಲಬೇಕು ಎಂಬುದನ್ನು ಇಷ್ಟು ಕಡಿಮೆ ಮಾತಿನಲ್ಲಿ ಕಲಿಸಿದ್ದು ಗಿಲ್ಪಿನ್‌ನ ದೊಡ್ಡ ಸಾಧನೆ.

ಪ್ರವಾಸದ ಯೋಜನೆಯನ್ನು ನಿಜವಾಗಿ ನಿರ್ಧರಿಸುತ್ತಿದ್ದುದು ನೀರು. ಸಾಮಾನ್ಯವಾಗಿ ಮೊದಲ ದಿನ ರಾಸ್‌ನಿಂದ ಮನ್ಮತ್‌ವರೆಗೆ, ಎರಡನೆಯ ದಿನ ಅಲ್ಲಿಂದ ಚೆಪ್‌ಸ್ಟೋವರೆಗೆ ಸಾಗುತ್ತಿದ್ದರು. ಗಿಲ್ಪಿನ್ ರಾಸ್‌ನಲ್ಲಿ ಗೊತ್ತುಮಾಡಿದ ದೋಣಿಗೆ ಮೇಲ್ಕಟ್ಟು ಇತ್ತು, ನಡೆಸಲು ಮೂವರಿದ್ದರು. ಕೆಳಗೆ ಹೋಗಲು ಅಷ್ಟು ಜನ ಬೇಕಿರಲಿಲ್ಲ. ಹರಿವಿಗೆ ಎದುರಾಗಿ ದೋಣಿಯನ್ನು ಮರಳಿ ತರುವುದರಲ್ಲಿಯೇ ಕಷ್ಟವೆಲ್ಲ ಇತ್ತು. ಎರಡನೆಯ ದಿನದ ದಾರಿಯಲ್ಲಿ ಸಿಗುವ ಟಿಂಟರ್ನ್ ಊರಿನಿಂದ ಕೆಳಗೆ ಸಮುದ್ರದ ಉಬ್ಬರವಿಳಿತ ನದಿಯೊಳಕ್ಕೆ ನುಗ್ಗುತ್ತದೆ. ಸೆವೆರ್ನ್ ನದೀಮುಖದ ಏರಿಳಿತ ಪ್ರಪಂಚದಲ್ಲೇ ಅತಿ ದೊಡ್ಡವುಗಳಲ್ಲಿ ಒಂದು. ಹೊತ್ತು ತಪ್ಪಿದರೆ ಹಸಿರು ದಡದ ಬದಲು ಕೆಸರಿನ ಇಳಿಜಾರು ಕಾಣುತ್ತಿತ್ತು. ಹೀಗಾಗಿ ಎರಡನೆಯ ದಿನ ಹೊರಡುವ ಹೊತ್ತಿನ ವಿಷಯದಲ್ಲಿ ದೋಣಿಯವರ ಮಾತೇ ನಡೆಯುತ್ತಿತ್ತು. ಬರಬರುತ್ತ ಬಾಡಿಗೆ ದೋಣಿಗಳಲ್ಲಿ ಬರೆಯಲು ಮೇಜು ಬಂತು; ಬುತ್ತಿ ಕಟ್ಟಿಕೊಂಡು ಹೋಗಿ ದಡದಲ್ಲಿ ಊಟ ಮಾಡುವುದೂ ಕಾರ್ಯಕ್ರಮದ ಭಾಗವಾಯಿತು.

ಜೊತೆಗೆ ಒಯ್ಯುತ್ತಿದ್ದ ಸಾಮಾನು ಹಗುರವಾಗಿತ್ತು. ಸ್ಥಳದಲ್ಲಿ ಸೀಸದ ಕಡ್ಡಿಯಿಂದ ಬೇಗ ಬೇಗ ಗೆರೆ ಎಳೆದುಕೊಂಡು, ಆಮೇಲೆ ಕುಳಿತು ಮಸಿಯ ತೆಳುಲೇಪದಿಂದ ನೆರಳು ತುಂಬುವುದು ಗಿಲ್ಪಿನ್‌ನ ಕ್ರಮ. ಬಣ್ಣವನ್ನು ಅರೆದು ಸಿದ್ಧಪಡಿಸಿಕೊಳ್ಳುವ ಕಾಟ ತಪ್ಪಿಸಿದವರು ಲಂಡನ್ನಿನ ರೀವ್ಸ್ ಸಹೋದರರು. ನೀರಿನಲ್ಲಿ ಉಜ್ಜಿದರೆ ಸಾಕಾಗುವ ಅವರ ಜಲವರ್ಣದ ಬಿಲ್ಲೆಗಳಿಗೆ 1781ರಲ್ಲಿ ಸೊಸೈಟಿ ಆಫ್ ಆರ್ಟ್ಸ್ ಬೆಳ್ಳಿಯ ಪ್ಯಾಲೆಟ್ ಬಹುಮಾನ ಕೊಟ್ಟಿತು. ಹಲವರ ಬಳಿ ಕ್ಲಾಡ್ ಕನ್ನಡಿಯೂ ಇರುತ್ತಿತ್ತು. ಹದಿನೇಳನೆಯ ಶತಮಾನದ ಚಿತ್ರಕಾರ ಕ್ಲಾಡ್ ಲೊರೇನ್‌ನ ಹೆಸರು ಹೊತ್ತ ಈ ಕಪ್ಪು ಉಬ್ಬುಗನ್ನಡಿಯನ್ನು ಹಿಡಿದು, ದೃಶ್ಯಕ್ಕೆ ಬೆನ್ನುಮಾಡಿ ನಿಲ್ಲಬೇಕು. ವಿಶಾಲವಾದ ಕಣಿವೆ ಅಂಗೈಯಗಲಕ್ಕೆ ಇಳಿದು, ಬಣ್ಣಗಳು ಮೆತ್ತಗಾಗಿ, ಚೌಕಟ್ಟು ಹಾಕಿದ ಚಿತ್ರದಂತೆ ಕಾಣುತ್ತಿತ್ತು.

ದಾರಿಯ ಮೊದಲ ದೊಡ್ಡ ನೋಟ ಗುಡ್‌ರಿಚ್ ಕೋಟೆ. ಅದು ಕಂಡೊಡನೆ ಹುಟ್ಟು ಹಾಕುವುದನ್ನು ನಿಲ್ಲಿಸಿ ಬರೆಯಲು ತೊಡಗುತ್ತಿದ್ದರು. ಎಲ್ಲರೂ ಕಾಯುತ್ತಿದ್ದುದು ಮಾತ್ರ ಟಿಂಟರ್ನ್ ಮಠಕ್ಕೆ. 1131ರಲ್ಲಿ ಸ್ಥಾಪನೆಯಾದ ಈ ಸಿಸ್ಟರ್ಶಿಯನ್ ಮಠ 1536ರಲ್ಲಿ ಎಂಟನೆಯ ಹೆನ್ರಿಯ ಆಳ್ವಿಕೆಯಲ್ಲಿ ಮುಚ್ಚಿ, ಚಾವಣಿ ಕಳೆದುಕೊಂಡು ಪಾಳುಬಿದ್ದಿತ್ತು. ಅದರ ಚೂಪು ಗೋಡೆಗಳು ತೀರಾ ಕ್ರಮಬದ್ಧವಾಗಿ ಉಳಿದಿವೆ, ಕೊಡತಿಯಿಂದ ಅಲ್ಲಲ್ಲಿ ಮುರಿದರೆ ಚಿತ್ರಕ್ಕೆ ಒಳ್ಳೆಯದು ಎಂಬ ಗಿಲ್ಪಿನ್‌ನ ಅಭಿಪ್ರಾಯ ಅಂದಿನಿಂದ ಇಂದಿನವರೆಗೂ ಚರ್ಚೆಗೆ ವಸ್ತುವಾಗಿದೆ.

ಈ ಕಣಿವೆ ನಿರ್ಜನ ಸೌಂದರ್ಯದ ತಾಣವಾಗಿರಲಿಲ್ಲ ಎಂಬುದನ್ನು ಒತ್ತಿ ಹೇಳಬೇಕು. ಲಿಡ್‌ಬ್ರೂಕ್‌ನ ಕಟ್ಟೆಯಲ್ಲಿ ಹೆರೆಫರ್ಡ್‌ಗೆ ಹೋಗುವ ಕಲ್ಲಿದ್ದಲು ದೋಣಿಗೇರುತ್ತಿತ್ತು. ಸರಕಿನ ದೋಣಿಗಳನ್ನು ಗಂಡಾಳುಗಳ ತಂಡಗಳು ಹಗ್ಗ ಹಿಡಿದು ಮೇಲಕ್ಕೆ ಎಳೆಯುತ್ತಿದ್ದವು. ಟಿಂಟರ್ನ್‌ನಲ್ಲಿ ಹದಿನಾರನೆಯ ಶತಮಾನದಿಂದಲೇ ಕಬ್ಬಿಣದ ತಂತಿ ತಯಾರಾಗುತ್ತಿತ್ತು. ಗಿಲ್ಪಿನ್ ಇದನ್ನೆಲ್ಲ ಕಂಡಿದ್ದ. ಇದ್ದಿಲು ಸುಡುವ ಹೊಗೆ ಬೆಟ್ಟಗಳ ಮೇಲೆ ತೆಳುವಾಗಿ ಹರಡಿ ನೋಟಕ್ಕೆ ಚೆಲುವು ಕೊಡುವುದನ್ನು ಬರೆದ. ಮಠದ ಅವಶೇಷಗಳಲ್ಲಿ ಗುಡಿಸಲು ಕಟ್ಟಿಕೊಂಡಿದ್ದ ಬಡವರ ದುಃಸ್ಥಿತಿಯನ್ನೂ ಬರೆದ. ಆದರೆ ಅವನ ಹಿಂದೆ ಬಂದ ಎಷ್ಟೋ ಜನರ ಚಿತ್ರಗಳಲ್ಲಿ ಹೊಗೆ ಮಂಜಾಯಿತು, ಆ ಬಡವರು ಕಾಣದಾದರು. ನೋಟವನ್ನು ಆರಿಸಲು ಕಲಿಸಿದ ಪದ್ಧತಿಯ ದೊಡ್ಡ ಕೊರತೆ ಇದೇ.

1793ರಲ್ಲಿ ಫ್ರಾನ್ಸಿನೊಡನೆ ಯುದ್ಧ ಹತ್ತಿಕೊಂಡು ಯುರೋಪಿನ ದಾರಿಗಳು ಮುಚ್ಚಿದಾಗ ವೈ ನದಿಗೆ ಬರುವವರು ಹೆಚ್ಚಿದರು. ಅದರ ಹಿಂದಿನ ವರ್ಷವಷ್ಟೇ ಹದಿನೇಳರ ಹರೆಯದ ಚಿತ್ರಕಾರ ಟರ್ನರ್ ಇಲ್ಲಿಗೆ ಬಂದು ಟಿಂಟರ್ನ್ ಮಠವನ್ನು ಬರೆದುಕೊಂಡಿದ್ದ. ಕವಿ ವರ್ಡ್ಸ್‌ವರ್ತ್ 1793ರಲ್ಲೂ 1798ರಲ್ಲೂ ಬಂದ. ಮನ್ಮತ್‌ನ ಮುದ್ರಕ ಚಾರ್ಲ್ಸ್ ಹೀತ್ ಪ್ರವಾಸಿಗಳಿಗೆಂದೇ ಕೈಪಿಡಿಗಳನ್ನು ಅಚ್ಚುಹಾಕಿದ.

ಇದೇ ಕಾಲದಲ್ಲಿ ಬ್ರಿಟಿಷ್ ಚಿತ್ರಕಾರರು ಮೈಸೂರು ಸೀಮೆಗೂ ಬಂದರು. ಕಾರ್ನ್‌ವಾಲಿಸ್‌ನ ಸೇನೆಯ ಜೊತೆಯಲ್ಲಿದ್ದ ರಾಬರ್ಟ್ ಹೋಮ್ ಬರೆದ ಮೈಸೂರಿನ ನೋಟಗಳು 1794ರಲ್ಲಿ ಪ್ರಕಟವಾದವು. ಕೋಲ್‌ಬ್ರೂಕ್, ಅಲನ್ ಎಂಬ ಸೇನಾಧಿಕಾರಿಗಳೂ ಆ ಸುಮಾರಿಗೆ ಅಂಥ ಸಂಪುಟಗಳನ್ನು ತಂದರು. ಇಲ್ಲಿ ದಾರಿಯನ್ನು ಗೊತ್ತುಮಾಡಿದ್ದು ನದಿಯ ಹರಿವಲ್ಲ, ಟಿಪ್ಪುವಿನ ವಿರುದ್ಧದ ದಂಡಯಾತ್ರೆ.

ವೈ ಕಣಿವೆಯಲ್ಲಿ 1820ರ ದಶಕದಲ್ಲಿ ಮನ್ಮತ್‌ನಿಂದ ಚೆಪ್‌ಸ್ಟೋಗೆ ನದಿಯ ಪಕ್ಕದಲ್ಲೇ ಹೊಸ ರಸ್ತೆಯಾಯಿತು. ಗಾಡಿಯಲ್ಲಿ ಬಂದವರು ಮಠದ ಮುಂದೆ ಇಳಿದು ಸ್ವಲ್ಪ ಹೊತ್ತಿನಲ್ಲೇ ಹೊರಡಬಹುದಾಗಿತ್ತು. ಯುದ್ಧ ಮುಗಿದು ಯುರೋಪ್ ತೆರೆದ ಮೇಲೆ ಅನುಕೂಲಸ್ಥರು ರೈನ್ ನದಿಯತ್ತ ಹೊರಳಿದರು. 1876ರಲ್ಲಿ ರೈಲು ಟಿಂಟರ್ನ್‌ಗೆ ಬಂದಾಗ, ಎರಡು ದಿನದ ದೋಣಿಯಾನ ಅಗತ್ಯವಾಗಿ ಉಳಿಯಲಿಲ್ಲ.