ಹೋ-ಕಶ್ಯಪ್ ಆಲ್ಗಾರಿದಮ್ಮಿನ ಕಶ್ಯಪ್ ಯಾರು ಗೊತ್ತಾ?

ಇಂಜಿನಿಯರಿಂಗ್‌ನಲ್ಲಿ ಪ್ಯಾಟರ್ನ್ ರೆಕಗ್ನಿಷನ್ ಓದಿದವರಿಗೆ ಹೋ-ಕಶ್ಯಪ್ ಆಲ್ಗಾರಿದಮ್ ನೆನಪಿರಬಹುದು. ನಾನೂ ಅದನ್ನು ಪರೀಕ್ಷೆಗೆ ಉರು ಹೊಡೆದವನೇ. ಆ ಕಶ್ಯಪ್ ನಮ್ಮ ಕರ್ನಾಟಕದವರು ಅಂತ ಗೊತ್ತಾಗಿದ್ದು ಮಾತ್ರ ಸೌದಿಗೆ ಬಂದ ಮೇಲೆ. ಅದಕ್ಕಿಂತ ಅಚ್ಚರಿಯ ಸಂಗತಿ ಏನಂದ್ರೆ, ಋಗ್ವೇದದ 10,552 ಮಂತ್ರಗಳನ್ನೂ ಇಂಗ್ಲಿಷಿಗೆ ತಂದ ಆರ್. ಎಲ್. ಕಶ್ಯಪ್ ಕೂಡ ಇವರೇ!

ಹುಟ್ಟಿದ್ದು 1938ರಲ್ಲಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸ್ನಾತಕೋತ್ತರ ಪದವಿ, ಹಾರ್ವರ್ಡ್‌ನಲ್ಲಿ ಪಿಎಚ್.ಡಿ. ಅಲ್ಲಿ ಯು-ಚಿ ಹೋ ಅವರ ಜೊತೆ 1965ರಲ್ಲಿ ಪ್ರಕಟಿಸಿದ ಲೇಖನವೇ ಈ ಆಲ್ಗಾರಿದಮ್ಮಿನ ಮೂಲ. ಕಾಗದದ ಮೇಲೆ ಕೆಂಪು ಮತ್ತು ನೀಲಿ ಚುಕ್ಕೆಗಳಿವೆ ಅಂದುಕೊಳ್ಳಿ. ಒಂದೇ ನೇರ ಗೆರೆ ಎಳೆದು ಅವನ್ನು ಬೇರೆ ಮಾಡೋಕಾಗುತ್ತಾ? ಹಳೆಯ ಪರ್ಸೆಪ್ಟ್ರಾನ್ ವಿಧಾನ ಅಂಥ ಗೆರೆ ಇದ್ದರೆ ಹುಡುಕಿಕೊಡುತ್ತೆ, ಇಲ್ಲದಿದ್ದರೆ ಸುಮ್ಮನೆ ಸುತ್ತುತ್ತಲೇ ಇರುತ್ತೆ. ಹೋ-ಕಶ್ಯಪ್ ವಿಧಾನ ಹಾಗಲ್ಲ, "ಇಲ್ಲಿ ನೇರ ಗೆರೆ ಸಾಧ್ಯವಿಲ್ಲ" ಅನ್ನೋದನ್ನೂ ಪತ್ತೆ ಮಾಡುತ್ತೆ. ಮುಂದೆ ಅವರು ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ ದಶಕಗಳ ಕಾಲ ಪ್ರಾಧ್ಯಾಪಕರಾಗಿದ್ದರು.

ಇನ್ನು ವೇದದ ಕಡೆಗೆ ಬರೋಣ. 14ನೇ ಶತಮಾನದಲ್ಲಿ ನಮ್ಮ ವಿಜಯನಗರದ ಸಾಯಣಾಚಾರ್ಯರು ಬರೆದ ಭಾಷ್ಯ ಹೆಚ್ಚಾಗಿ ಯಜ್ಞದ ದೃಷ್ಟಿಯಿಂದ ಅರ್ಥ ಹೇಳುತ್ತೆ. 1914ರಿಂದ ಶ್ರೀ ಅರವಿಂದರು 'ಆರ್ಯ' ಪತ್ರಿಕೆಯಲ್ಲಿ ಬೇರೆ ದಾರಿ ತೋರಿಸಿದರು. ಅವರ ಪ್ರಕಾರ 'ಗೋ' ಅಂದ್ರೆ ಬರೀ ಹಸು ಅಲ್ಲ, ಅರಿವಿನ ಬೆಳಕು. 'ಅಶ್ವ' ಅಂದ್ರೆ ಪ್ರಾಣಶಕ್ತಿ. ಅವರ ಶಿಷ್ಯ ಕಪಾಲಿ ಶಾಸ್ತ್ರಿಗಳು ಇದೇ ಜಾಡಿನಲ್ಲಿ 'ಸಿದ್ಧಾಂಜನ' ಅನ್ನೋ ಸಂಸ್ಕೃತ ಭಾಷ್ಯವನ್ನು ಋಗ್ವೇದದ ಮೊದಲ ಅಷ್ಟಕಕ್ಕೆ ಬರೆದು, 1953ರಲ್ಲಿ ತೀರಿಕೊಂಡರು. ಉಳಿದದ್ದು ಏಳು ಅಷ್ಟಕ!

ಕಶ್ಯಪರಿಗೆ ಹುಡುಗನಾಗಿದ್ದಾಗಲೇ ಶಾಸ್ತ್ರಿಗಳ ಸಂಪರ್ಕವಿತ್ತು. ನಿವೃತ್ತಿಯ ನಂತರ ಬೆಂಗಳೂರಿನ ಜಯನಗರದಲ್ಲಿ, ಗುರುಗಳಿಬ್ಬರ ಹೆಸರಿನ ಸಂಸ್ಥೆಯ ಮೂಲಕ, 12 ಸಂಪುಟಗಳಲ್ಲಿ ಇಡೀ ಋಗ್ವೇದ ಮುಗಿಸಿದರು. ಉಳಿದ ವೇದಗಳಿಗೂ ಕೈ ಹಾಕಿದರು. 2021ರಲ್ಲಿ ಪದ್ಮಶ್ರೀ ಬಂತು, 2022ರಲ್ಲಿ ತೀರಿಕೊಂಡರು.

ಇದನ್ನು "ವಿಜ್ಞಾನ ಬಿಟ್ಟು ಅಧ್ಯಾತ್ಮಕ್ಕೆ ಹೋದರು" ಅಂತ ಹೇಳಿಬಿಡೋದು ಸುಲಭ. ನನಗೆ ಹಾಗನ್ನಿಸಲ್ಲ. ಒಂದು ಪದಕ್ಕೆ ಒಂದು ಅರ್ಥ ಹಿಡಿದು, ಅದು ಸಾವಿರಾರು ಮಂತ್ರಗಳಲ್ಲಿ ನಿಲ್ಲುತ್ತಾ ಅಂತ ನೋಡ್ತಾ ಹೋಗೋದು ಇಂಜಿನಿಯರ್ ಮಾಡುವ ಕೆಲಸವೇ.

ಆದರೆ ಒಂದು ಕಡೆ ನನಗೆ ತೊಡಕಾಗುತ್ತೆ. ಗಣಿತದಲ್ಲಿ ದಾರಿ ಮುಚ್ಚಿದ್ದರೆ ಆಲ್ಗಾರಿದಮ್ಮೇ ಹೇಳುತ್ತೆ. ಹಸುವನ್ನು ಬೆಳಕು ಅಂತ ಓದುವಾಗ ಅರ್ಥ ತಪ್ಪಿತು ಅಂತ ಹೇಳೋರು ಯಾರು? ಸಾಂಕೇತಿಕ ಅರ್ಥದ ಮೇಲೆ ವಿದ್ವಾಂಸರ ಆಕ್ಷೇಪವೂ ಇದೇ. ಹಾಗಂತ ಬರೀ ಹಸು ಅಂತ ಓದಿದರೆ ಎಷ್ಟೋ ಮಂತ್ರಗಳು ಸಪ್ಪೆಯಾಗಿಬಿಡುತ್ತವೆ. ಬಹುಶಃ ಹಳೆಯ ಕವಿಗಳ ಮನಸ್ಸಿನಲ್ಲಿ ಹಸು ಬೇರೆ, ಬೆಳಕು ಬೇರೆ ಅನ್ನೋ ನೇರ ಗೆರೆಯೇ ಇರಲಿಲ್ಲವೇನೋ.

ಇಲ್ಲಿ ರಿಯಾದಿನಲ್ಲಿ ಶುಕ್ರವಾರ, ಶನಿವಾರ ರಜೆ. ಪಕ್ಕದಲ್ಲಿ ಸಾಯಣರನ್ನೂ ಇಟ್ಟುಕೊಂಡು ಮೊದಲ ಸಂಪುಟ ಓದ್ತಾ ಇದ್ದೀನಿ. ಜಯನಗರದಲ್ಲಿ ಕಶ್ಯಪರ ಮಾತು ಕೇಳಿದವರು ನಿಮ್ಮಲ್ಲಿ ಯಾರಾದರೂ ಇದ್ದರೆ ದಯವಿಟ್ಟು ಬರೆಯಿರಿ. ಈ ಪ್ರಶ್ನೆಗೆ ಅವರು ಏನು ಹೇಳ್ತಿದ್ದರು ಅಂತ ತಿಳಿಯೋ ಆಸೆ.