ರಾತ್ರಿ ವೇಳೆಯ ಕಟ್ಟಡ ಕಾಮಗಾರಿಯಿಂದ ಉಂಟಾಗುವ ಶಬ್ದ: ದೂರು ಸಲ್ಲಿಸುವ ಬಗ್ಗೆ ಸಾರ್ವಜನಿಕರಿಗೆ ಮಾಹಿತಿ

ವಸತಿ ಬಡಾವಣೆಗಳಲ್ಲಿ ರಾತ್ರಿ 10 ಗಂಟೆಯ ನಂತರವೂ ಕಾಂಕ್ರೀಟ್ ಮಿಕ್ಸರ್, ವೈಬ್ರೇಟರ್, ಕಬ್ಬಿಣ ಕತ್ತರಿಸುವ ಯಂತ್ರ ಮುಂತಾದವುಗಳನ್ನು ನಡೆಸುವುದರಿಂದ ನೆರೆಹೊರೆಯ ನಿವಾಸಿಗಳ ನಿದ್ರೆಗೆ ಭಂಗವುಂಟಾಗುತ್ತದೆ. ಶಬ್ದದ ಪ್ರಮಾಣವನ್ನು ಅಳತೆ ಮಾಡಿದ ದಾಖಲೆ ಇಲ್ಲದೆ ದೂರು ನೀಡಲು ಬರುವುದಿಲ್ಲವೆಂಬ ತಪ್ಪು ತಿಳಿವಳಿಕೆಯಿಂದ ಅನೇಕರು ಸುಮ್ಮನಿರುವುದುಂಟು. ಇದು ಸರಿಯಲ್ಲ.

ಪರಿಸರ (ಸಂರಕ್ಷಣೆ) ಅಧಿನಿಯಮ, 1986ರ ಅಡಿಯಲ್ಲಿ ರಚಿಸಲಾದ ಶಬ್ದ ಮಾಲಿನ್ಯ (ವಿನಿಯಮನ ಮತ್ತು ನಿಯಂತ್ರಣ) ನಿಯಮಗಳು, 2000ರ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗಿನ ಅವಧಿಯು ರಾತ್ರಿ ವೇಳೆಯಾಗಿರುತ್ತದೆ. 2010ರ ತಿದ್ದುಪಡಿಯ ಮೂಲಕ ಸೇರಿಸಲಾದ ನಿಯಮ 5ಎ ಅನ್ವಯ, ಈ ಅವಧಿಯಲ್ಲಿ ವಸತಿ ಪ್ರದೇಶ ಮತ್ತು ನಿಶ್ಶಬ್ದ ವಲಯಗಳಲ್ಲಿ ಶಬ್ದ ಹೊರಸೂಸುವ ನಿರ್ಮಾಣ ಯಂತ್ರೋಪಕರಣಗಳನ್ನು ಬಳಸತಕ್ಕದ್ದಲ್ಲ. ಇಲ್ಲಿ ಡೆಸಿಬಲ್ ಮಿತಿಯ ಪ್ರಶ್ನೆಯೇ ಬರುವುದಿಲ್ಲ. ಯಂತ್ರವನ್ನು ನಡೆಸಿದುದೇ ಉಲ್ಲಂಘನೆ. ನಿಯಮ 7ರಂತೆ, ನಿಗದಿತ ಮಿತಿಗಿಂತ 10 ಡೆಸಿಬಲ್ ಅಥವಾ ಅದಕ್ಕೂ ಹೆಚ್ಚಿನ ಶಬ್ದವಿದ್ದಲ್ಲಿ ಮಾತ್ರವಲ್ಲದೆ, ರಾತ್ರಿ ವೇಳೆಯ ನಿರ್ಬಂಧಗಳು ಉಲ್ಲಂಘನೆಯಾದಾಗಲೂ ಯಾವುದೇ ವ್ಯಕ್ತಿ ದೂರು ಸಲ್ಲಿಸಬಹುದು.

ವಾಣಿಜ್ಯ ಪ್ರದೇಶದಲ್ಲಿ ಪರಿಸ್ಥಿತಿ ಬೇರೆ. ಅಲ್ಲಿಗೆ ಸದರಿ ಯಂತ್ರ ನಿರ್ಬಂಧ ಅನ್ವಯಿಸದ ಕಾರಣ ರಾತ್ರಿಯ ಮಿತಿಯಾದ 55 ಡೆಸಿಬಲ್ ಆಧಾರದ ಮೇಲೆ ಅಳತೆ ಅಗತ್ಯವಾಗುತ್ತದೆ. ಆದುದರಿಂದ ಕಾಮಗಾರಿಯ ನಿವೇಶನವು ಯಾವ ವಲಯದಲ್ಲಿದೆ ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳುವುದು ಸೂಕ್ತ.

ತಾರಸಿ ಕಾಂಕ್ರೀಟ್ ಹಾಕುವುದನ್ನು ಅರ್ಧಕ್ಕೆ ನಿಲ್ಲಿಸಲಾಗದು, ಹಗಲಿನಲ್ಲಿ ಲಾರಿಗಳ ಸಂಚಾರಕ್ಕೆ ನಿರ್ಬಂಧವಿದೆ ಎಂಬ ಸಮಜಾಯಿಷಿಗಳು ಸಾಮಾನ್ಯ. ಅರ್ಧಕ್ಕೆ ನಿಂತ ಕಾಂಕ್ರೀಟಿನಲ್ಲಿ ಬೆಸುಗೆ ದುರ್ಬಲವಾಗುವುದು ನಿಜ. ಆದರೆ ನಿಯಮ 5ಎ ಇದಕ್ಕಾಗಿ ವಿನಾಯಿತಿ ನೀಡಿಲ್ಲ. ಕೆಲಸವನ್ನು ಬೆಳಿಗ್ಗೆ ಬೇಗ ಆರಂಭಿಸಿ ರಾತ್ರಿ 10ರೊಳಗೆ ಮುಗಿಯುವಂತೆ ಯೋಜಿಸಿಕೊಳ್ಳುವುದು ಮಾಲೀಕರ ಹಾಗೂ ಗುತ್ತಿಗೆದಾರರ ಹೊಣೆ. ವರ್ಷಕ್ಕೆ ಒಟ್ಟು 15 ದಿನ ಮೀರದಂತೆ ಮಧ್ಯರಾತ್ರಿಯವರೆಗೆ ನೀಡಬಹುದಾದ ಸಡಿಲಿಕೆಯು ಸಾಂಸ್ಕೃತಿಕ ಅಥವಾ ಧಾರ್ಮಿಕ ಉತ್ಸವಗಳ ಧ್ವನಿವರ್ಧಕಗಳಿಗೆ ಸಂಬಂಧಿಸಿದ್ದು, ಕಟ್ಟಡ ಕಾಮಗಾರಿಗೆ ಅನ್ವಯಿಸುವುದಿಲ್ಲ.

ದೂರು ಸಲ್ಲಿಸುವ ವಿಧಾನ

ಶಬ್ದ ನಡೆಯುತ್ತಿರುವಾಗಲೇ 112ಕ್ಕೆ ಅಥವಾ ಸ್ಥಳೀಯ ಪೊಲೀಸ್ ಠಾಣೆಗೆ ಕರೆ ಮಾಡಿ, ಕರೆಯ ಸಮಯವನ್ನು ಬರೆದಿಟ್ಟುಕೊಳ್ಳತಕ್ಕದ್ದು. ಇದರಿಂದ ಆ ರಾತ್ರಿಯ ಕೆಲಸ ನಿಲ್ಲಬಹುದು. ಆದರೆ ಮಾರನೆಯ ರಾತ್ರಿ ಪುನಃ ಆರಂಭವಾಗುವುದು ವಿರಳವಲ್ಲ. ಶಾಶ್ವತ ಪರಿಹಾರಕ್ಕೆ ಲಿಖಿತ ದೂರು ಅವಶ್ಯಕ. ಸದರಿ ನಿಯಮಗಳಲ್ಲಿ ಪ್ರಾಧಿಕಾರವೆಂದರೆ ಜಿಲ್ಲಾ ದಂಡಾಧಿಕಾರಿ, ಪೊಲೀಸ್ ಆಯುಕ್ತರು ಅಥವಾ ಡಿವೈಎಸ್‌ಪಿ ದರ್ಜೆಗೆ ಕಡಿಮೆಯಿಲ್ಲದ ನಿಯೋಜಿತ ಅಧಿಕಾರಿ. ಆದ್ದರಿಂದ ದೂರನ್ನು ಅವರಿಗೆ ಬರೆದು, ಪ್ರತಿಯನ್ನು ಠಾಣೆಗೆ ಮತ್ತು ಕಟ್ಟಡ ಪರವಾನಗಿ ನೀಡಿದ ಸ್ಥಳೀಯ ಸಂಸ್ಥೆಗೆ ಸಲ್ಲಿಸಿ ಸ್ವೀಕೃತಿ ಪಡೆಯುವುದು.

ದೂರಿನಲ್ಲಿ ನಿವೇಶನದ ವಿಳಾಸ, ಮಾಲೀಕರ ಅಥವಾ ಗುತ್ತಿಗೆದಾರರ ಹೆಸರು ತಿಳಿದಿದ್ದಲ್ಲಿ ಅದು, ಬಳಸಿದ ಯಂತ್ರ ಯಾವುದು, ಯಾವ ದಿನಾಂಕದಂದು ಎಷ್ಟು ಗಂಟೆಗೆ ಆರಂಭವಾಗಿ ಎಷ್ಟು ಗಂಟೆಗೆ ನಿಂತಿತು ಎಂಬ ವಿವರಗಳಿರಬೇಕು. "ಪ್ರತಿದಿನ ತೊಂದರೆಯಾಗುತ್ತಿದೆ" ಎಂಬ ಒಂದು ಸಾಲಿಗಿಂತ ಐದು ರಾತ್ರಿಗಳ ವೇಳಾಪಟ್ಟಿಯು ಹೆಚ್ಚು ಉಪಯುಕ್ತ. ಮೊಬೈಲ್ ವಿಡಿಯೋ ಲಗತ್ತಿಸಬಹುದು. ಮೊಬೈಲ್ ಆ್ಯಪ್‌ನಲ್ಲಿ ಕಾಣುವ ಡೆಸಿಬಲ್ ಅಂಕಿಯನ್ನು ಅಧಿಕೃತ ಅಳತೆಯೆಂದು ನಮೂದಿಸುವುದು ಬೇಡ. ಮನೆಯಲ್ಲಿ ಶಿಶು, ರೋಗಿ ಅಥವಾ ಪರೀಕ್ಷೆಗೆ ಓದುವ ಮಕ್ಕಳಿದ್ದಲ್ಲಿ ಅದನ್ನೂ ತಿಳಿಸುವುದು. ನಿವೇಶನದ ಕೂಲಿ ಕಾರ್ಮಿಕರೊಡನೆ ವಾಗ್ವಾದಕ್ಕಿಳಿಯುವುದರಿಂದ ಪ್ರಯೋಜನವಿಲ್ಲ. ಕೆಲಸದ ವೇಳೆಯನ್ನು ಅವರು ನಿರ್ಧರಿಸುವುದಿಲ್ಲ.

ಮುಂದಿನ ಕ್ರಮ

ಠಾಣಾಧಿಕಾರಿಯ ವರದಿ ಅಥವಾ ದೂರುದಾರರು ನೀಡಿದ ಮಾಹಿತಿಯಿಂದ ಮನವರಿಕೆಯಾದಲ್ಲಿ, ನಿಯಮ 8ರಂತೆ ಪ್ರಾಧಿಕಾರವು ಶಬ್ದವನ್ನು ತಡೆಯಲು ಲಿಖಿತ ಆದೇಶ ಹೊರಡಿಸಬಹುದು. ಅಧಿನಿಯಮದ ಕಲಂ 15ರಲ್ಲಿದ್ದ ಕಾರಾವಾಸದ ಬದಲಿಗೆ 2024ರ ಏಪ್ರಿಲ್ 1ರಿಂದ ರೂ. 10,000ಕ್ಕೆ ಕಡಿಮೆಯಿಲ್ಲದ, ರೂ. 15 ಲಕ್ಷದವರೆಗಿನ ದಂಡ ಜಾರಿಯಲ್ಲಿದೆ. ಸಾರ್ವಜನಿಕ ಉಪದ್ರವವೆಂದು ಕಂಡುಬಂದಲ್ಲಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, 2023ರ ಕಲಂ 152ರ ಅಡಿ ದಂಡಾಧಿಕಾರಿಗಳ ಮುಂದೆಯೂ ಹೋಗಬಹುದು.

ಆದೇಶದಿಂದ ಬಾಧಿತರಾದ ಕಟ್ಟಡ ಮಾಲೀಕರು ಅದರ ಮಾರ್ಪಾಡು ಕೋರಿ ಅರ್ಜಿ ಸಲ್ಲಿಸಿದಲ್ಲಿ ಅವರಿಗೆ ತಮ್ಮ ಅಹವಾಲು ಹೇಳಿಕೊಳ್ಳುವ ಅವಕಾಶವಿರುತ್ತದೆ. ಆದೇಶದ ನಂತರವೂ ಕೆಲಸ ಮುಂದುವರಿದಲ್ಲಿ, ಆದೇಶದ ಸಂಖ್ಯೆ ಮತ್ತು ದಿನಾಂಕವನ್ನು ಉಲ್ಲೇಖಿಸಿ ಅದೇ ಪ್ರಾಧಿಕಾರಕ್ಕೆ ಪುನಃ ದೂರು ಸಲ್ಲಿಸತಕ್ಕದ್ದು.